ತಾತ್ಪರ್ಯನಿರ್ಣಯ

ಗ್ರಂಥವೊಂದರಲ್ಲಿ ಬರುವ ಮಾತುಗಳು ಅನೇಕವಾಗಿದ್ದರೂ, ಅವೆಲ್ಲವೂ ಯಾವ ಒಂದು ಅರ್ಥದ ಸೇವೆಗಾಗಿ ನಿಂತಿವೆಯೋ ಅದನ್ನು ನಮ್ಮ ಶಾಸ್ತ್ರಕಾರರು ತಾತ್ಪರ್ಯವೆಂದು ಕರೆದರು. ಅದನ್ನು ನಿಶ್ಚಯಿಸುವುದಕ್ಕೆ ಉಪಕ್ರಮೋಪಸಂಹಾರ, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ ಎಂಬ ಆರು ಲಿಂಗಗಳನ್ನೂ ಹೇಳಿದರು. ಸಂಡೂರಿನ ಗಿರಿಪಂಕ್ತಿಯ ಉತ್ತರಕ್ಕಿರುವ ಹಂಪೆಯು ಈ ವಿದ್ಯೆ ಬೆಳೆದ ನೆಲ. ಬುಕ್ಕರಾಯನ ಆಶ್ರಯದಲ್ಲಿ ಸಾಯಣಾಚಾರ್ಯರು ವೇದಭಾಷ್ಯವನ್ನು ರಚಿಸಿದರು. ಮಧ್ವಾಚಾರ್ಯರ ಸೂತ್ರಭಾಷ್ಯಕ್ಕೆ ಜಯತೀರ್ಥರು ಬರೆದ ತತ್ತ್ವಪ್ರಕಾಶಿಕೆಯನ್ನು ವ್ಯಾಸರಾಯರು ತಮ್ಮ ತಾತ್ಪರ್ಯಚಂದ್ರಿಕೆಯಿಂದ ಮತ್ತೆ ಬೆಳಗಿದರು. ಸಂಡೂರಿನ ಪೂರ್ವಕ್ಕಿರುವ ಬಳ್ಳಾರಿಗೆ 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಂದು, ಬೈಬಲನ್ನು ಕನ್ನಡಕ್ಕೆ ತರುವ ಕಾರ್ಯವನ್ನು ಕೈಕೊಂಡನು. ಒಂದೇ ಸೀಮೆಯಲ್ಲಿ ನೆಲೆಗೊಂಡ ಈ ಎರಡು ಶಾಸ್ತ್ರಗಳಲ್ಲಿ ಒಂದರ ಒರೆಗಲ್ಲಿಗೆ ಇನ್ನೊಂದನ್ನು ಹಚ್ಚಿ ನೋಡುವುದು ಯುಕ್ತವೇ ಆಗಿದೆ.

ಹಳೆಯ ಒಡಂಬಡಿಕೆಯಲ್ಲಿ ಯೋನನೆಂಬ ಪ್ರವಾದಿಯ ಗ್ರಂಥವಿದೆ. ಶತ್ರುಗಳ ನಗರವಾದ ನಿನೆವೆಗೆ ಹೋಗಿ ಎಚ್ಚರಿಕೆ ನೀಡೆಂದು ದೇವರು ಆಜ್ಞಾಪಿಸಲು, ಅವನು ಹಡಗನ್ನೇರಿ ಎದುರು ದಿಕ್ಕಿಗೆ ಓಡುತ್ತಾನೆ; ಮಹಾಮತ್ಸ್ಯವು ಅವನನ್ನು ನುಂಗಿ ಮೂರು ದಿನದ ಮೇಲೆ ದಡಕ್ಕೆ ಕಾರುತ್ತದೆ. ಜನರ ನೆನಪಿನಲ್ಲಿ ಉಳಿದುದು ಆ ಮೀನು ಮಾತ್ರ. ಅಂಥ ಮೀನು ಇರಬಲ್ಲುದೇ ಎಂಬ ವಿವಾದಕ್ಕೇ ಎಷ್ಟೋ ಬರಹಗಳು ಮೀಸಲಾದುವು. ಆದರೆ ಉಪಕ್ರಮದಲ್ಲಿರುವುದು ನಿನೆವೆ, ಉಪಸಂಹಾರದಲ್ಲಿರುವುದೂ ನಿನೆವೆಯೇ. ಕೊನೆಗೆ ಅವನ ಎಚ್ಚರಿಕೆಯನ್ನು ಕೇಳಿ ಪಶ್ಚಾತ್ತಾಪಪಟ್ಟ ಆ ನಗರವನ್ನು ದೇವರು ಕ್ಷಮಿಸಿದನೆಂದು ಪ್ರವಾದಿಯು ಮುನಿದು ಕುಳಿತಾಗ, ಅವನಿಗೆ ನೆರಳಾಗಿ ಸೋರೆಗಿಡವನ್ನು ಬೆಳೆಯಿಸಿ, ಹುಳುವಿನಿಂದ ಅದನ್ನು ಒಣಗಿಸಿ, ಬಿಸಿಗಾಳಿಯನ್ನು ಬೀಸಿಸಿದವನು ಮೀನನ್ನು ಒದಗಿಸಿದ ದೇವರೇ. ಈ ಅಭ್ಯಾಸವನ್ನು, ಎಂದರೆ ಪುನರಾವೃತ್ತಿಯನ್ನು, ಗಮನಿಸಿದರೆ ಮೀನು ನಾಲ್ಕು ಸಾಧನಗಳಲ್ಲೊಂದಾಗಿ ತನ್ನ ಸ್ಥಾನಕ್ಕೆ ಸೇರುತ್ತದೆ. ಒಂದು ಗಿಡಕ್ಕಾಗಿ ನೀನು ಮರುಗುವುದಾದರೆ, ಒಂದು ಲಕ್ಷ ಇಪ್ಪತ್ತು ಸಾವಿರಕ್ಕೂ ಮಿಕ್ಕ ಜನರಿಗಾಗಿಯೂ ಅಲ್ಲಿಯ ಪಶುಗಳಿಗಾಗಿಯೂ ನಾನು ಮರುಗಬಾರದೇ ಎಂದು ದೇವರು ಕೇಳುತ್ತಾನೆ. ಉತ್ತರವಿಲ್ಲದೆ ಗ್ರಂಥವು ಮುಗಿಯುತ್ತದೆ. ಹಗೆಗಳನ್ನೂ ಒಳಗೊಳ್ಳುವ ಕರುಣೆಯೇ ಇದರ ತಾತ್ಪರ್ಯವೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಮೀನಿನೊಳಗಿನ ಮೂರು ದಿನಗಳಲ್ಲಿ ಕ್ರೈಸ್ತ ವ್ಯಾಖ್ಯಾನಕಾರರು ಯೇಸುವಿನ ಮರಣ ಪುನರುತ್ಥಾನಗಳ ಮುನ್ಸೂಚನೆಯನ್ನು ಕಂಡರು. ಮತ್ತಾಯನ ಸುವಾರ್ತೆಯೇ ಅದಕ್ಕೆ ಆಧಾರವಾಗಿರುವುದರಿಂದ ಆ ದರ್ಶನವು ತಿರಸ್ಕಾರಯೋಗ್ಯವಲ್ಲ. ಆದರೆ ಅದು ಇನ್ನೊಂದು ಗ್ರಂಥದ ಬೆಳಕಿನಲ್ಲಿ ಈ ಗ್ರಂಥವನ್ನು ನೋಡಿದುದರ ಫಲ. ಯೆಹೂದ್ಯರಾದರೋ ಯೋನನ ಕಥೆಯನ್ನು ಪ್ರಾಯಶ್ಚಿತ್ತದ ಮಹಾದಿನದಂದು ಇಂದಿಗೂ ಪಾರಾಯಣ ಮಾಡುತ್ತಾರೆ, ಮತ್ತು ತಾತ್ಪರ್ಯಕ್ಕೆ ಅತ್ಯಂತ ಸಮೀಪವಾದುದು ಆ ಪಾರಾಯಣವೇ ಎಂದು ನನ್ನ ಮತ. ಯೋನನ ಗ್ರಂಥದಲ್ಲಿರುವುದು ನಾಲ್ಕೇ ಅಧ್ಯಾಯ. ವ್ಯಾಖ್ಯಾನಗಳನ್ನು ತೆರೆಯುವ ಮುನ್ನ ವಾಚಕರು ಅವನ್ನು ಒಂದೇ ಸಲಕ್ಕೆ ಆದ್ಯಂತವಾಗಿ ಓದಬೇಕು.