ಸಂಶೋಧಕನ ಸತ್ಯಾಣುವ್ರತ

ಶ್ರಾವಕನ ಐದು ಅಣುವ್ರತಗಳಲ್ಲಿ ಸತ್ಯಾಣುವ್ರತವು ಎರಡನೆಯದು. ಸ್ಥೂಲವಾದ ಸುಳ್ಳನ್ನು ತಾನು ಹೇಳಬಾರದು, ಪರರಿಂದ ಹೇಳಿಸಬಾರದು ಎಂಬಲ್ಲಿಗೆ ಈ ವ್ರತವು ಮುಗಿಯಿತೆಂದು ಬಹುಮಂದಿ ತಿಳಿದಿದ್ದಾರೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅಷ್ಟಕ್ಕೇ ನಿಂತಿಲ್ಲ. ಪರರಿಗೆ ವಿಪತ್ತನ್ನು ತರುವ ಮಾತು ಸತ್ಯವೇ ಆಗಿದ್ದರೂ ಶ್ರಾವಕನು ಅದನ್ನು ಆಡತಕ್ಕದ್ದಲ್ಲವೆಂಬುದು ಅವರ ಅಭಿಮತ. ಬೇಟೆಗಾರನು ಬಂದು ಜಿಂಕೆ ಯಾವ ಕಡೆಗೆ ಓಡಿತೆಂದು ಕೇಳಿದಾಗ ಕಂಡದ್ದನ್ನು ಕಂಡಂತೆ ಹೇಳುವುದು ಸತ್ಯವ್ರತವಲ್ಲವೆಂಬ ದೃಷ್ಟಾಂತವನ್ನು ಬಸದಿಯ ಪ್ರವಚನಗಳಲ್ಲಿ ಕೇಳದವರು ವಿರಳ. ಅಲ್ಲಿ ಬೇಟೆಗಾರನು ಯಾರು, ಜಿಂಕೆ ಯಾವುದು ಎಂಬುದರಲ್ಲಿ ಸಂಶಯವಿಲ್ಲ. ಇಂದಿನ ಪ್ರಯೋಗಶಾಲೆಗಳಲ್ಲಿ ಇವೆರಡೂ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಕಷ್ಟವೆಲ್ಲ ಇರುವುದು ಅಲ್ಲಿಯೇ.

2008ರಲ್ಲಿ ಅಮೆರಿಕದ ವಾಷಿಂಗ್ಟನ್ ಮತ್ತು ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯಗಳ ಕಂಪ್ಯೂಟರ್ ತಜ್ಞರೂ ಹಾರ್ವರ್ಡ್ ವೈದ್ಯಕೀಯ ಶಾಲೆಗೆ ಸೇರಿದ ಹೃದ್ರೋಗ ತಜ್ಞರೂ ಕೂಡಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಅವರು ಪರೀಕ್ಷಿಸಿದ್ದು ಎದೆಯ ಚರ್ಮದ ಕೆಳಗೆ ಅಳವಡಿಸುವ ಡಿಫಿಬ್ರಿಲೇಟರ್ ಎಂಬ ಪುಟ್ಟ ಯಂತ್ರವನ್ನು. ಹೃದಯದ ಬಡಿತವು ತಾಳ ತಪ್ಪಿದಾಗ ವಿದ್ಯುದಾಘಾತವನ್ನು ನೀಡಿ ಅದನ್ನು ಸರಿಪಡಿಸುವ ಸಾಧನವಿದು. ಮತ್ತೆ ಶಸ್ತ್ರಕ್ರಿಯೆ ಮಾಡದೆ ವೈದ್ಯನು ಹೊರಗಿನಿಂದಲೇ ಅದರ ಲೆಕ್ಕಗಳನ್ನು ತಿದ್ದಲೆಂದು ಅದರಲ್ಲಿ ರೇಡಿಯೋ ಸಂಪರ್ಕವನ್ನು ಇರಿಸಿರುತ್ತಾರೆ. ಆ ಸಂಪರ್ಕಕ್ಕೆ ಬೀಗವೇ ಇರಲಿಲ್ಲ. ಕೆಲವು ಸೆಂಟಿಮೀಟರ್ ದೂರದಲ್ಲಿ ರೇಡಿಯೋ ಉಪಕರಣವನ್ನು ಹಿಡಿದು ರೋಗಿಯ ಹೆಸರು ಮತ್ತು ರೋಗದ ವಿವರಗಳನ್ನು ಓದಬಹುದಾಗಿತ್ತು, ಚಿಕಿತ್ಸೆಯನ್ನು ನಿಲ್ಲಿಸಬಹುದಾಗಿತ್ತು, ಮಾರಕವಾದ ಆಘಾತವನ್ನು ಕೊಡಲು ಯಂತ್ರಕ್ಕೆ ಆಜ್ಞಾಪಿಸಲೂಬಹುದಾಗಿತ್ತು. ಪ್ರಯೋಗವನ್ನು ಮೇಜಿನ ಮೇಲಿಟ್ಟ ಯಂತ್ರದ ಮೇಲೆ ನಡೆಸಿದರೇ ಹೊರತು ಯಾವ ಮನುಷ್ಯನ ಮೇಲೂ ಅಲ್ಲ. ಪ್ರಬಂಧವನ್ನು ಅಚ್ಚು ಹಾಕಿಸುವಾಗ ದುರ್ಜನರಿಗೆ ದಾರಿಯಾಗಬಲ್ಲ ಕೆಲವು ವಿವರಗಳನ್ನು ಅವರು ಬೇಕೆಂದೇ ಬಿಟ್ಟರು. ಲೋಪವುಂಟೆಂದು ಹೇಳಿದರು, ಅದನ್ನು ಬಳಸಿಕೊಳ್ಳುವ ಬಗೆಯನ್ನು ಹೇಳಲಿಲ್ಲ. ಜಿಂಕೆ ಓಡಿದ ದಿಕ್ಕನ್ನು ತೋರಿಸದೆಯೇ ಕಾಡಿನಲ್ಲಿ ಬೇಟೆಗಾರರ ಭಯವಿದೆಯೆಂದು ಊರಿಗೆ ಸಾರಿದಂತಾಯಿತು. ಅಮೆರಿಕದ ಉಪಾಧ್ಯಕ್ಷರಾಗಿದ್ದ ಡಿಕ್ ಚೇನಿಯವರ ಎದೆಯಲ್ಲಿದ್ದ ಇಂತಹುದೇ ಯಂತ್ರದ ರೇಡಿಯೋ ಸಂಪರ್ಕವನ್ನು ಅವರ ವೈದ್ಯರು 2007ರಲ್ಲಿಯೇ ತೆಗೆಸಿದ್ದರೆಂಬ ಸಂಗತಿ 2013ರಲ್ಲಿ ಹೊರಬಿತ್ತು. ದೊಡ್ಡವರಿಗೆ ಮೊದಲೇ ದೊರೆತ ಎಚ್ಚರಿಕೆ ಸಾಮಾನ್ಯ ರೋಗಿಗೆ ದೊರೆತಿರಲಿಲ್ಲವೆಂಬುದು ಗಮನಿಸತಕ್ಕ ಮಾತು.

ಎಂಟು ವರ್ಷಗಳ ಅನಂತರ ಇದೇ ಬಗೆಯ ಸತ್ಯವು ಬೇರೊಂದು ರೀತಿಯಲ್ಲಿ ಹೊರಬಂದಿತು. ವ್ಯಾಪಾರವನ್ನು ಬಲ್ಲ ಜೈನ ಕುಟುಂಬಗಳು ಈ ಪ್ರಕರಣವನ್ನು ನಿಧಾನವಾಗಿ ವಿಚಾರಿಸಬೇಕು. ಮೆಡ್‌ಸೆಕ್ ಎಂಬ ಸಂಸ್ಥೆಯು ಸೇಂಟ್ ಜೂಡ್ ಕಂಪನಿಯ ಪೇಸ್‌ಮೇಕರ್ ಮೊದಲಾದ ಸಾಧನಗಳಲ್ಲಿ ಸುರಕ್ಷತೆಯ ಲೋಪಗಳನ್ನು ಕಂಡಿತು. ಕಂಡದ್ದನ್ನು ಅದು ಮೊದಲು ತಯಾರಕರಿಗೆ ತಿಳಿಸಲಿಲ್ಲ. ಮಡ್ಡಿ ವಾಟರ್ಸ್ ಎಂಬ ಹೂಡಿಕೆ ಸಂಸ್ಥೆಯ ಬಳಿಗೆ ಒಯ್ದಿತು. ಆ ಹೂಡಿಕೆದಾರರು ಸೇಂಟ್ ಜೂಡ್ ಷೇರುಗಳ ಬೆಲೆ ಬಿದ್ದರೆ ತಮಗೆ ಲಾಭವಾಗುವಂತೆ, ಎರವಲು ತಂದ ಷೇರುಗಳನ್ನು ಮುಂಚಿತವಾಗಿ ಮಾರಿ, 2016ರ ಆಗಸ್ಟ್ 25ರಂದು ಲೋಪಗಳ ವರದಿಯನ್ನು ಲೋಕಕ್ಕೆ ಬಿಡುಗಡೆ ಮಾಡಿದರು. ಷೇರಿನ ಬೆಲೆ ಬಿದ್ದಿತು. ಲಾಭದಲ್ಲಿ ಮೆಡ್‌ಸೆಕ್‌ಗೂ ಪಾಲಿತ್ತು. ಕಂಪನಿಯು ವರದಿಯನ್ನು ಅಲ್ಲಗಳೆದು ಮೊಕದ್ದಮೆ ಹೂಡಿತು. ವರದಿಯ ಒಂದು ಅಂಶಕ್ಕೆ ಆಧಾರ ಸಾಲದೆಂದು ಮಿಷಿಗನ್ ವಿಶ್ವವಿದ್ಯಾಲಯದ ತಜ್ಞರೂ ಹೇಳಿದರು. ಆದರೆ 2017ರ ಜನವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯೇ ರೋಗಿಗಳ ಮನೆಯಲ್ಲಿಡುವ ಪ್ರೇಷಕ ಯಂತ್ರದಲ್ಲಿ ಲೋಪವಿರುವುದನ್ನು ದೃಢಪಡಿಸಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಆ ದೇಶದ ಸುಮಾರು 4,65,000 ಪೇಸ್‌ಮೇಕರ್‌ಗಳ ತಂತ್ರಾಂಶವನ್ನು ತಿದ್ದಬೇಕೆಂದು ಪ್ರಕಟಣೆಯಾಯಿತು.

ಹಾಗಾದರೆ ಆಡಿದ ಮಾತು ಬಹುಪಾಲು ನಿಜವೇ. ದೋಷವೆಲ್ಲಿ? ಹೂಡಿಕೆದಾರರ ಪರವಾಗಿಯೂ ವಾದವುಂಟು: ಕಂಪನಿಗೆ ಮೊದಲೇ ತಿಳಿಸಿದ್ದರೆ ಅದು ವಿಷಯವನ್ನು ಮುಚ್ಚಿಹಾಕುತ್ತಿತ್ತು, ವಕೀಲರ ಮೂಲಕ ಬಾಯಿ ಕಟ್ಟುತ್ತಿತ್ತು ಎಂದು ಅವರ ಹೇಳಿಕೆ. ಇದನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಆದರೆ ಆ ದಿನಗಳಲ್ಲಿ ಎದೆಯೊಳಗೆ ಯಂತ್ರವನ್ನಿಟ್ಟುಕೊಂಡಿದ್ದ ರೋಗಿಯ ಸ್ಥಿತಿಯನ್ನು ನೆನೆಯಬೇಕು. ಮನೆಯ ಪ್ರೇಷಕವನ್ನು ಕಿತ್ತಿಡಿರೆಂದು ಹೂಡಿಕೆದಾರರ ಸಲಹೆ. ವೈದ್ಯರು ಹೇಳಿದಂತೆ ಬಳಸುತ್ತಲೇ ಇರಿರೆಂದು ಸರ್ಕಾರದ ಸಂಸ್ಥೆಯ ಸಲಹೆ. ತಿದ್ದುಪಡಿಯಾದರೋ ಇನ್ನೂ ಸಿದ್ಧವಾಗಿರಲಿಲ್ಲ. ರೋಗಿಗೆ ದೊರೆತದ್ದು ಭಯ, ಮಾರುಕಟ್ಟೆಗೆ ದೊರೆತದ್ದು ಲಾಭ. ಅನೇಕಾಂತವೆಂದರೆ ಎರಡೂ ಪಕ್ಷಗಳು ಸಮಾನವಾಗಿ ಸರಿಯೆಂಬ ಅರ್ಥವಲ್ಲ. ಪ್ರತಿ ಪಕ್ಷದಲ್ಲಿಯೂ ಇರುವ ಸತ್ಯಾಂಶವನ್ನು ಒಪ್ಪಿ, ಅನಂತರ ತೂಗಬೇಕೆಂಬುದು. ತೂಗಿ ನೋಡಿದರೆ ಈ ಸತ್ಯವನ್ನು ಸರಕಾಗಿ ಮಾರಿದರೆಂದೇ ಹೇಳಬೇಕಾಗುತ್ತದೆ. ಪರರ ರಹಸ್ಯವನ್ನು ಅರಿತು ಸ್ವಾರ್ಥಕ್ಕಾಗಿ ಬಯಲು ಮಾಡುವುದನ್ನು ನಮ್ಮ ಆಚಾರ್ಯರು ಸಾಕಾರಮಂತ್ರಭೇದವೆಂದು ಕರೆದು ಸತ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದ್ದಾರೆ. ಷೇರು ಪೇಟೆಯಿಲ್ಲದ ಕಾಲದಲ್ಲಿಯೇ ಇದನ್ನು ಗುರುತಿಸಿದ್ದು ಸಾಮಾನ್ಯವಲ್ಲ.

ಇಷ್ಟು ಹೇಳಿದೊಡನೆ ತಯಾರಕರು ಸಂತೋಷಪಟ್ಟುಕೊಳ್ಳಬಾರದು. ವಿಪತ್ತನ್ನು ತರುವ ಸತ್ಯವನ್ನು ಆಡಬಾರದೆಂಬ ಮಾತನ್ನೇ ಗುರಾಣಿಯಾಗಿ ಹಿಡಿದು ತಮ್ಮ ಸರಕಿನ ದೋಷವನ್ನು ಅಡಗಿಸುವವರಿದ್ದಾರೆ. ಆಚಾರ್ಯರು ಹೇಳಿದ ವಿಪತ್ತು ಜೀವಕ್ಕೆ ಬರುವ ವಿಪತ್ತು. ಲೆಕ್ಕದ ಪುಸ್ತಕಕ್ಕೆ ಬರುವ ನಷ್ಟವಲ್ಲ. ಮೌನವು ಎಷ್ಟು ಘೋರವಾಗಬಲ್ಲದೆಂಬುದಕ್ಕೆ ಥೆರಾಕ್-25 ಎಂಬ ಯಂತ್ರದ ಚರಿತ್ರೆಯೇ ಸಾಕು. ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಚಿಕಿತ್ಸೆ ನೀಡಲು ಕೆನಡಾದಲ್ಲಿ ನಿರ್ಮಿಸಿದ ಈ ಯಂತ್ರವು 1985ರ ಜೂನ್‌ನಿಂದ 1987ರ ಜನವರಿಯವರೆಗೆ ಆರು ರೋಗಿಗಳಿಗೆ ಮಿತಿಮೀರಿದ ವಿಕಿರಣವನ್ನು ಹಾಯಿಸಿತು. ಅವರಲ್ಲಿ ಕೆಲವರು ಅದರಿಂದಲೇ ತೀರಿಕೊಂಡರು. ಹಿಂದಿನ ಮಾದರಿಯಲ್ಲಿ ಅಪಾಯವನ್ನು ತಡೆಯುವ ಯಾಂತ್ರಿಕ ತಡೆಗಳಿದ್ದವು. ತಂತ್ರಾಂಶವೇ ಎಲ್ಲವನ್ನೂ ನೋಡಿಕೊಳ್ಳುವುದೆಂದು ನಂಬಿ ಹೊಸದರಲ್ಲಿ ಅವುಗಳನ್ನು ತೆಗೆದುಹಾಕಿದರು. ತಂತ್ರಾಂಶದ ದೋಷ ಹಳೆಯ ಯಂತ್ರದಲ್ಲಿಯೂ ಇದ್ದಿತು. ಅಲ್ಲಿ ತಡೆಯು ಜೀವವನ್ನು ಉಳಿಸುತ್ತಿತ್ತು. ಟೆಕ್ಸಾಸ್‌ನ ಟೈಲರ್ ಊರಿನಲ್ಲಿ ಕೆಲಸದಲ್ಲಿ ಪಳಗಿದ ನಿರ್ವಾಹಕಿಯೊಬ್ಬರು ತಪ್ಪಾಗಿ ಒತ್ತಿದ ಒಂದು ಅಕ್ಷರವನ್ನು ಬೇಗಬೇಗ ತಿದ್ದಿದರು. ಎಂಟು ಸೆಕೆಂಡುಗಳೊಳಗೆ ಆದ ಆ ತಿದ್ದುಪಡಿಯನ್ನು ಯಂತ್ರವು ಗ್ರಹಿಸಲೇ ಇಲ್ಲ. ಪರದೆಯ ಮೇಲೆ ಬಂದದ್ದು ದೋಷ 54 ಎಂಬ ಅರ್ಥವಾಗದ ಸಂಕೇತ ಮಾತ್ರ. ಒಂದು ಆಸ್ಪತ್ರೆಯಲ್ಲಿ ನಡೆದ ಅನಾಹುತವು ಮತ್ತೊಂದು ಆಸ್ಪತ್ರೆಗೆ ಸಕಾಲದಲ್ಲಿ ತಿಳಿಯಲಿಲ್ಲ. ಯಂತ್ರದಿಂದ ಅಧಿಕ ವಿಕಿರಣ ಹೊಮ್ಮುವುದು ಸಾಧ್ಯವೇ ಇಲ್ಲವೆಂಬ ಉತ್ತರವೇ ತಯಾರಕರಿಂದ ಬರುತ್ತಿತ್ತು. ಕೊನೆಗೆ ದೋಷವನ್ನು ಹುಡುಕಿ ತೋರಿಸಿದವರು ಆ ಟೈಲರ್ ಆಸ್ಪತ್ರೆಯ ಭೌತವಿಜ್ಞಾನಿಯೂ ಅದೇ ನಿರ್ವಾಹಕಿಯೂ.

ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದಕ್ಕೆ ಮೊದಲ ಸ್ಥಾನ ದೊರೆತಿರುವುದು ಇಲ್ಲಿ ನೆನಪಾಗುತ್ತದೆ. ಕೊಲ್ಲುವ ಸಂಕಲ್ಪ ಯಾರಿಗೂ ಇರಲಿಲ್ಲ. ಎಚ್ಚರ ಮಾತ್ರ ಇರಲಿಲ್ಲ. ತುಮಕೂರಿನ ಬಳಿಯ ಮಂದಾರಗಿರಿಗೆ ಹೋದವರು ಪಿಂಛಿಯ ಆಕಾರದಲ್ಲಿಯೇ ಕಟ್ಟಿದ ಗುರುಮಂದಿರವನ್ನು ನೋಡಿರುತ್ತಾರೆ. ಮುನಿಗಳು ಕಮಂಡಲುವನ್ನು ಎತ್ತುವಾಗಲೂ ಇಡುವಾಗಲೂ ಆ ನವಿಲುಗರಿಯಿಂದ ನೆಲವನ್ನು ಮೃದುವಾಗಿ ಸವರುತ್ತಾರೆ. ಅದು ಆದಾನನಿಕ್ಷೇಪಣ ಸಮಿತಿ. ಒಂದು ವಸ್ತುವನ್ನು ಲೋಕದಲ್ಲಿ ಇಡುವ ಮುನ್ನ ಅಲ್ಲಿ ಜೀವವಿದೆಯೇ ಎಂದು ನೋಡುವುದನ್ನು ಇಂಜಿನಿಯರನು ಇದಕ್ಕಿಂತ ಚೆನ್ನಾಗಿ ಎಲ್ಲಿ ಕಲಿತಾನು?

ಹಾಗೆಂದ ಮೇಲೆ ಲೋಪವನ್ನು ಕಂಡವನು ಏನು ಮಾಡಬೇಕು? ನಮ್ಮ ಮನೆಗಳ ನೀರು ಸೋಸುವ ಆಚಾರದಲ್ಲಿ ಇದಕ್ಕೊಂದು ಉತ್ತರವಿದೆ. ನೀರನ್ನು ಬಟ್ಟೆಯಲ್ಲಿ ಸೋಸಿದರೆ ಕೆಲಸವು ಅರ್ಧವಾಯಿತು. ಬಟ್ಟೆಯಲ್ಲಿ ಉಳಿದ ಜೀವಗಳನ್ನು ಯಾವ ಬಾವಿಯಿಂದ ನೀರು ಸೇದಿದೆವೋ ಆ ಬಾವಿಗೇ ಮರಳಿ ಬಿಡಬೇಕು. ಅಂಗಳಕ್ಕೆ ಕೊಡವಿದರೆ ಸೋಸಿದ್ದೇ ಹಿಂಸೆಯಾಗುತ್ತದೆ. ಕಂಡ ಲೋಪವು ಮೊದಲು ಮರಳಬೇಕಾದದ್ದು ಅದನ್ನು ತಿದ್ದಬಲ್ಲವರ ಬಳಿಗೆ. ಅವರು ತಿದ್ದಲು ಒಂದು ಅವಧಿ ಬೇಕು. ಗೂಗಲ್ ಕಂಪನಿಯು 2014ರಲ್ಲಿ ಆರಂಭಿಸಿದ ಸಂಶೋಧಕರ ತಂಡವು ಇದಕ್ಕೆ 90 ದಿನಗಳ ಗಡುವನ್ನು ರೂಢಿಗೆ ತಂದಿತು. ಗಡುವು ಮೀರಿದರೂ ತಿದ್ದದಿದ್ದರೆ ಜನರಿಗೆ ಹೇಳುವುದು ನ್ಯಾಯ. ಆಗ ಮೌನವೇ ಪ್ರಮಾದ. ಭಾರತದಲ್ಲಿ ಸರ್ಟ್-ಇನ್ ಎಂಬ ಕೇಂದ್ರ ಸಂಸ್ಥೆಗೂ ಇಂತಹ ಲೋಪಗಳನ್ನು ತಿಳಿಸಬಹುದು.

ಇದೆಲ್ಲ ದೂರದ ದೇಶದ ಮಾತೆಂದು ಕೋರ ಹೋಬಳಿಯವರು ಭಾವಿಸುವಂತಿಲ್ಲ. ಅದೇ ಹೋಬಳಿಯ ವಸಂತನರಸಾಪುರದಲ್ಲಿ ಕೈಗಾರಿಕೆಗಳು ಬಂದಿವೆ. ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯು 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯದಲ್ಲಿ 1963ರಿಂದ ಓದಿದವರ ಮನೆಗಳು ಈ ಸೀಮೆಯಲ್ಲಿ ಎಷ್ಟೋ. ಬೆಂಗಳೂರಿನಲ್ಲಿ 2017ರಲ್ಲಿ ಯುವ ಇಂಜಿನಿಯರನೊಬ್ಬನು ಆಸ್ಪತ್ರೆಗಳಿಗೆಂದು ರೂಪಿಸಿದ ಸರ್ಕಾರಿ ಗಣಕ ವ್ಯವಸ್ಥೆಯ ಮೂಲಕ ಅನುಮತಿಯಿಲ್ಲದೆ ಆಧಾರ್ ವಿವರಗಳನ್ನು ಪಡೆದನೆಂಬ ದೂರಿನ ಮೇಲೆ ಬಂಧಿತನಾದನು. ಮಾಲೀಕನ ಅನುಮತಿಯಿಲ್ಲದೆ ಗಣಕವನ್ನು ಪ್ರವೇಶಿಸುವುದು 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 43ನೆಯ ವಿಧಿಯಂತೆ ತಪ್ಪು. ಶಾಸ್ತ್ರವು ಇನ್ನೂ ಸರಳವಾಗಿ ಹೇಳುತ್ತದೆ: ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದು ಅದತ್ತಾದಾನ. ಬಾಗಿಲು ತೆರೆದಿತ್ತೆಂಬುದು ಕಳ್ಳತನಕ್ಕೆ ಸಮಾಧಾನವಾಗಲಾರದು. ಆದರೆ ತೆರೆದ ಬಾಗಿಲಿನ ಮನೆಯಲ್ಲಿ ಊರವರ ಒಡವೆಗಳನ್ನು ಇಟ್ಟುಕೊಂಡವನು ನಿರಪರಾಧಿಯೇ? ರೋಗಿಯ ವಿವರವು ಆಸ್ಪತ್ರೆಯಲ್ಲಿರುವ ನ್ಯಾಸ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಗಣಕಗಳ ಮೇಲೆ ದಾಳಿಯಾಗಿ ಸುಮಾರು ಎರಡು ವಾರ ಚೀಟಿಗಳನ್ನು ಕೈಯಲ್ಲಿ ಬರೆಯಬೇಕಾಯಿತು. ಬಸದಿಯ ಟ್ರಸ್ಟ್‌ಗಳು ಆರೋಗ್ಯ ಶಿಬಿರಗಳಲ್ಲಿ ಬರೆದುಕೊಳ್ಳುವ ಹೆಸರು, ರೋಗ, ದೂರವಾಣಿ ಸಂಖ್ಯೆಗಳೂ ನ್ಯಾಸವೇ. ಅವನ್ನು ಯಾರ ಗಣಕದಲ್ಲಿ, ಯಾವ ಬೀಗದಲ್ಲಿ ಇರಿಸಿದ್ದಾರೆಂದು ಆಡಳಿತ ಮಂಡಳಿಗಳು ವಿಚಾರಿಸಿದರೆ ಒಳಿತು.

ಸಂಶೋಧನೆಯ ಲೆಕ್ಕಪತ್ರವೂ ಶುದ್ಧವಾಗಿರಬೇಕಷ್ಟೆ. ಕೋವಿಡ್ ಕಾಲದಲ್ಲಿ 2020ರ ಮೇ 22ರಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಯ ಬಗೆಗೆ ಒಂದು ಅಧ್ಯಯನ ಬಂದಿತು. 671 ಆಸ್ಪತ್ರೆಗಳ 96,000 ರೋಗಿಗಳ ಅಂಕಿಅಂಶವೆಂದು ಹೇಳಿದ್ದರು. ವಿಶ್ವ ಆರೋಗ್ಯ ಸಂಸ್ಥೆಯು ಅದನ್ನು ನಂಬಿ ತನ್ನ ಪರೀಕ್ಷೆಯ ಆ ಭಾಗವನ್ನು ಕೆಲವು ದಿನ ನಿಲ್ಲಿಸಿತು. ಮೂಲ ದಾಖಲೆಗಳನ್ನು ಸ್ವತಂತ್ರ ಪರಿಶೋಧನೆಗೆ ಕೊಡೆಂದಾಗ ಅಂಕಿ ಒದಗಿಸಿದ ಸರ್ಜಿಸ್ಫಿಯರ್ ಸಂಸ್ಥೆಯು ಕೊಡಲಿಲ್ಲ; ಜೂನ್ 4ರಂದು ಪ್ರಬಂಧವನ್ನು ಹಿಂತೆಗೆದುಕೊಂಡರು. ಖಿರ್ದಿ ತೋರಿಸದೆ ಅಢಾವೆ ಪತ್ರಿಕೆಯನ್ನು ಮಾತ್ರ ಮುಂದಿಡುವ ವರ್ತಕನನ್ನು ಯಾವ ಆಡಿಟರನೂ ಒಪ್ಪುವುದಿಲ್ಲ. ಮೋಸದ ಉದ್ದೇಶವಿಲ್ಲದೆಯೂ ತಕ್ಕಡಿ ತಪ್ಪಬಲ್ಲದು. ಅದೇ ವರ್ಷದ ಡಿಸೆಂಬರ್‌ನಲ್ಲಿ ಮಿಷಿಗನ್‌ನ ವೈದ್ಯರು ಪಲ್ಸ್ ಆಕ್ಸಿಮೀಟರ್ ಕುರಿತ ಅಧ್ಯಯನವನ್ನು ಪ್ರಕಟಿಸಿದರು. ಆಮ್ಲಜನಕವು ಸಾಕಷ್ಟಿದೆಯೆಂದು ಯಂತ್ರ ತೋರಿಸುತ್ತಿದ್ದಾಗ ರಕ್ತದಲ್ಲಿ ಅದು ಅಪಾಯಕರವಾಗಿ ಇಳಿದಿದ್ದ ಪ್ರಸಂಗಗಳು ಬಿಳಿಯ ರೋಗಿಗಳಲ್ಲಿ ಶೇಕಡಾ 3.6, ಕಪ್ಪು ವರ್ಣದವರಲ್ಲಿ ಶೇಕಡಾ 11.7. ಬೆರಳಿನ ಮೂಲಕ ಹಾಯುವ ಬೆಳಕನ್ನು ಅಳೆಯುವ ಈ ಯಂತ್ರದ ಲೆಕ್ಕಕ್ಕೆ ಚರ್ಮದ ಬಣ್ಣವೂ ಅಡ್ಡಬರುತ್ತದೆ. ಹೀನಾಧಿಕ ಮಾನೋನ್ಮಾನವನ್ನು ಅಚೌರ್ಯದ ಅತಿಚಾರವೆಂದು ಓದಿದವರು, 2021ರಲ್ಲಿ ಹಳ್ಳಿಹಳ್ಳಿಯ ಮನೆಗಳಲ್ಲಿ ಬೆರಳಿಗೆ ಸಿಕ್ಕಿಸಿಕೊಂಡಿದ್ದ ಆ ಪುಟ್ಟ ತಕ್ಕಡಿಯನ್ನು ನೆನೆಯಬಹುದು.

ಸತ್ಯವನ್ನು ಎಲ್ಲಿ ಹೇಳಬೇಕೆಂಬುದಕ್ಕೆ ನಮ್ಮಲ್ಲಿಯೇ ಒಬ್ಬ ಹಿರಿಯ ವೈದ್ಯರ ನಿದರ್ಶನವಿದೆ. ಒಂಬತ್ತನೆಯ ಶತಮಾನದ ಉಗ್ರಾದಿತ್ಯಾಚಾರ್ಯರು ಕಲ್ಯಾಣಕಾರಕವೆಂಬ ವೈದ್ಯಗ್ರಂಥವನ್ನು ಮಾಂಸ, ಮದ್ಯ, ಮಧುಗಳ ನೆರವಿಲ್ಲದೆ ರಚಿಸಿದರು. ಮಾಂಸವು ಔಷಧವೆಂಬ ಅಂದಿನ ನಂಬಿಕೆಯನ್ನು ಅವರು ಖಂಡಿಸಿದ್ದು ಬೀದಿಯಲ್ಲಲ್ಲ. ನೃಪತುಂಗನ ಆಸ್ಥಾನದಲ್ಲಿ, ವೈದ್ಯರ ಸಭೆಯಲ್ಲಿ, ಉತ್ತರ ಕೊಡಬಲ್ಲವರ ಎದುರಿನಲ್ಲಿ. ಔಷಧಕ್ಕಾಗಿ ಪ್ರಾಣಿಗಳನ್ನು ಹಿಂಸಿಸುವ ಪ್ರಶ್ನೆ ಇಂದಿಗೂ ಮುಗಿದಿಲ್ಲ. 2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರವು 2019ರ ಹೊಸ ಔಷಧಗಳ ಪರೀಕ್ಷಾ ನಿಯಮಗಳನ್ನು ತಿದ್ದಿ, ಪ್ರಾಣಿಗಳ ಬದಲು ಮಾನವ ಜೀವಕೋಶಗಳ ಮೇಲೆ, ಕೋಶಗಳನ್ನು ಸೂಕ್ಷ್ಮ ನಾಳಗಳಲ್ಲಿ ಬೆಳೆಸಿದ ಪುಟ್ಟ ಫಲಕಗಳ ಮೇಲೆ, ಗಣಕದ ಲೆಕ್ಕಾಚಾರದಲ್ಲಿ ಪರೀಕ್ಷೆ ನಡೆಸಲು ಎಡೆಮಾಡಿಕೊಟ್ಟಿತು. ಇಂಜಿನಿಯರ್, ಗಣಕತಜ್ಞ, ವೈದ್ಯ ಮೂವರೂ ಕೂಡಿ ಮಾಡಬೇಕಾದ ಕೆಲಸವಿದು. ಆದರೆ ನಿಯಮವು ಅವಕಾಶ ನೀಡಿದೆಯೇ ಹೊರತು ಕಡ್ಡಾಯ ಮಾಡಿಲ್ಲ. ಯಾವ ಮಾರ್ಗವನ್ನು ಹಿಡಿಯಬೇಕೆಂಬುದು ಔಷಧ ತಯಾರಕರ ಕೈಯಲ್ಲಿದೆ, ಅವರಲ್ಲಿ ಮತ್ತು ಅವರ ಸಗಟು ವ್ಯಾಪಾರಿಗಳಲ್ಲಿ ಜೈನರೂ ಇದ್ದಾರೆ.