ಕ್ಷಮಾಪಣೆಯ ಕಾಗದ

ನಮ್ಮ ಹುಲಿಹೈದರದ ಹಿರಿಯರು ಹೊಲದ ಬದುವಿನ ವ್ಯಾಜ್ಯಕ್ಕೆಂದು ಗಂಗಾವತಿಯ ಕೋರ್ಟಿಗೆ ಹೋಗಿಬಂದರೆ ಊರಲ್ಲಿ ಮೊದಲು ಹೇಳುತ್ತಿದ್ದುದು ಚಪರಾಸಿಯ ಕೂಗನ್ನು. ಹೆಸರನ್ನು ಮೂರು ಸಲ ಉದ್ದಕ್ಕೆ ಎಳೆದು ಆತ ಕೂಗಿದಾಗ ಎದೆ ಝಲ್ಲೆಂದಿತೆನ್ನುತ್ತಿದ್ದರು. ನ್ಯಾಯಾಧೀಶರು ಏನೆಂದರೋ ಅರ್ಧ ತಿಳಿಯುತ್ತಿರಲಿಲ್ಲ. ಸರಕಾರದ ದನಿಯೆಂದರೆ ಅವರಿಗೆ ಆ ಕೂಗೇ. ಕೋರ್ಟು ಮುಗಿದ ಮೇಲೆ ಕೂಗುವವನ ದಿನ ಹೇಗೆ ಕಳೆಯುತ್ತದೆಂದು ಯಾರೂ ಕೇಳಿದ್ದಿಲ್ಲ. ಕೇಳಬೇಕೆಂದು ನನಗೂ ತೋರಿರಲಿಲ್ಲ, 2016ರಲ್ಲಿ ಸತ್ಯಮಂಗಲದ ಸುದ್ದಿಯನ್ನು ಓದುವ ತನಕ.

ಚಾಮರಾಜನಗರದ ಕಡೆಯಿಂದ ದಿಂಬಂ ಘಟ್ಟ ಇಳಿದರೆ ಸಿಗುವ ಊರು ಅದು. ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದ್ದು. ಆದರೆ ಘಟ್ಟದ ಮೇಲಿನ ತಾಳವಾಡಿ ಸೀಮೆಯಲ್ಲಿ ಮನೆಮಾತು ಕನ್ನಡ. ಪತ್ರಿಕೆಗಳಲ್ಲಿ ಬಂದ ಪ್ರಕಾರ, ಅಲ್ಲಿಯ ಅಧೀನ ನ್ಯಾಯಾಧೀಶರೊಬ್ಬರು ಆ ವರ್ಷದ ಫೆಬ್ರುವರಿಯಲ್ಲಿ ತಮ್ಮ ಕೋರ್ಟಿನ ಕಚೇರಿ ಸಹಾಯಕಿಗೆ ಮೆಮೋ ಕೊಟ್ಟರು. ಮನೆಯಲ್ಲಿ ಬಟ್ಟೆ ಒಗೆಯಲು ನೇಮಿಸಿದಾಗ ಒಳಉಡುಪುಗಳನ್ನು ಅಸಹ್ಯಪಟ್ಟು ಎಸೆದದ್ದು, ಅಧಿಕಾರಿಗೆ ಗಟ್ಟಿದನಿಯಲ್ಲಿ ಎದುರುತ್ತರ ಕೊಟ್ಟದ್ದು ಆಪಾದನೆ. ಶಿಸ್ತಿನ ಕ್ರಮವನ್ನು ಏಕೆ ಕೈಕೊಳ್ಳಬಾರದೆಂದು ಪ್ರಶ್ನೆ. ಆಕೆ ದಲಿತ ಮಹಿಳೆ. ಕೆಲವೇ ದಿನಗಳಲ್ಲಿ ಉತ್ತರ ಬರೆದುಕೊಟ್ಟಳು: ಇನ್ನು ಹೀಗಾಗದು, ಕೆಲಸವನ್ನು ಸರಿಯಾಗಿ ಮಾಡುವೆ, ಕ್ರಮ ಬೇಡ. ಆಮೇಲೆ ವಿಷಯ ಬಯಲಾಗಿ ನ್ಯಾಯಾಂಗ ನೌಕರರು ದನಿಯೆತ್ತಿದರು. ದುರ್ವರ್ತನೆಯ ಮೊದಲ ನೋಟೀಸು ಹೋದದ್ದು ಮಾತ್ರ ಒಗೆದವಳಿಗೆ.

ಬಟ್ಟೆ ಒಗೆಯುವುದು ಹೀನ ಕೆಲಸವೆಂದು ಇಲ್ಲಿ ವಾದ ಹೂಡುವವರಿಗೆ ನನ್ನ ಸಮ್ಮತಿಯಿಲ್ಲ. ಕಲ್ಯಾಣದ ಮಡಿವಾಳ ಮಾಚಯ್ಯ ಶರಣರ ಬಟ್ಟೆ ಒಗೆದವನೇ. ಯಾರದನ್ನು ಮುಟ್ಟಬೇಕು, ಯಾರದನ್ನು ಮುಟ್ಟಬಾರದೆಂದು ತಾನೇ ನಿಶ್ಚಯಿಸುತ್ತಿದ್ದನೆಂದು ಕಥೆಗಳು ಹೇಳುತ್ತವೆ. ಆ ನಿಶ್ಚಯದ ಹಕ್ಕು ಇದ್ದುದರಿಂದ ಅದು ಕಾಯಕ. ಹಕ್ಕನ್ನು ಕಸಿದುಕೊಂಡರೆ ಅದೇ ಕೆಲಸಕ್ಕೆ ಬಿಟ್ಟಿಯೆಂದು ಹೆಸರು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ಸೀಮೆಯವರು ಆ ಶಬ್ದಕ್ಕೆ ಕೋಶ ನೋಡಬೇಕಾಗಿಲ್ಲ. ಸಂವಿಧಾನದ 23ನೆಯ ಅನುಚ್ಛೇದ ಅದನ್ನು ಹೆಸರು ಹಿಡಿದೇ ನಿಷೇಧಿಸಿದೆ. ಸಂಬಳ ಬರುತ್ತದಲ್ಲ, ಬಿಟ್ಟಿ ಹೇಗಾಯಿತೆಂದು ಯಾರಾದರೂ ಕೇಳಬಹುದು. ಸಂಬಳ ಕೊಡುವುದು ಸರಕಾರ, ಕೋರ್ಟಿನ ಕೆಲಸಕ್ಕಾಗಿ. ಒಗೆತದ ಕೂಲಿ ಕೊಟ್ಟವರಾರು?

ನನ್ನನ್ನು ಹೆಚ್ಚು ಕಾಡಿದ್ದು ಮೆಮೋ ಅಲ್ಲ, ಆ ಕ್ಷಮಾಪಣೆಯ ಕಾಗದ. ಓದಿದವರು ‘ಆಕೆಯೇ ತಪ್ಪೊಪ್ಪಿಕೊಂಡಳಲ್ಲ’ ಎಂದಾರು. 1872ರ ಸಾಕ್ಷ್ಯ ಅಧಿನಿಯಮದ 24ನೆಯ ಕಲಮನ್ನು ಓದಿದವರು ಹಾಗೆನ್ನಲಾರರು. ಅಧಿಕಾರದಲ್ಲಿರುವ ವ್ಯಕ್ತಿಯ ಬೆದರಿಕೆ ಇಲ್ಲವೆ ಆಮಿಷದಿಂದ ಆರೋಪಿಯ ಬಾಯಿಂದ ಹೊರಟ ತಪ್ಪೊಪ್ಪಿಗೆಗೆ ಬೆಲೆಯಿಲ್ಲವೆಂದು ಅದು ಹೇಳುತ್ತಿತ್ತು. 2024ರ ಜುಲೈ 1ರಿಂದ ಹಳೆಯ ಕಾಯಿದೆ ಹೋಗಿ ಹೊಸದು ಬಂತು; ಈ ಮಾತು ಅದರಲ್ಲಿಯೂ ಉಳಿದಿದೆ. ಕಲಮು ಕ್ರಿಮಿನಲ್ ಮೊಕದ್ದಮೆಗೆ ಸಂಬಂಧಿಸಿದ್ದು, ನಿಜ. ಆದರೆ ಅಂಜಿದವರ ಮಾತನ್ನು ನಂಬಬಾರದೆಂಬ ವಿವೇಕ ಕಳ್ಳನಿಗೆ ಸಲ್ಲುವುದಾದರೆ ಕಚೇರಿಯ ಹೆಂಗಸಿಗೆ ಏಕೆ ಸಲ್ಲದು? ಮೆಮೋ ಕೊಟ್ಟವರೇ ಫಿರ್ಯಾದಿ, ಅವರೇ ಸಾಕ್ಷಿ, ಶಿಕ್ಷೆಯ ಮಾತೆತ್ತಿದವರೂ ಅವರೇ. ಪೀಠದ ಮೇಲೆ ಕುಳಿತಾಗ ಬೇರೆಯವರು ಹೀಗೆ ಮಾಡಿದರೆ ಒಂದು ಕ್ಷಣವೂ ಒಪ್ಪದ ವಿದ್ಯೆಯನ್ನು ಕಲಿತವರು ಅವರು.

ಅತ್ತಲ ಮಾತನ್ನೂ ನೋಡಬೇಕು. ಹೊತ್ತಿಗೆ ಸರಿಯಾಗಿ ಬನ್ನಿರೆಂದರೆ, ಕಟ್ಟಳೆ ತಾರೀಖಿಗೆ ಕಾಸು ಮುಟ್ಟಬೇಡಿರೆಂದರೆ ಮುನಿಸಿಕೊಳ್ಳುವ ನೌಕರರೂ ಉಂಟು. ನಿಷ್ಠುರರಾದ ನ್ಯಾಯಾಧೀಶರ ಮೇಲೆ ಮೂಗರ್ಜಿಗಳು ಹಾರುತ್ತವೆ. ಅಂಥ ಪ್ರಾಮಾಣಿಕರಿಗೆ ರಕ್ಷಣೆ ಕೊಡುವುದು ಹೈಕೋರ್ಟುಗಳ ಕರ್ತವ್ಯವೆಂದು ಸುಪ್ರೀಂ ಕೋರ್ಟು 1988ರಲ್ಲಿ ಹೇಳಿತು, ಸರಿಯಾಗಿಯೇ ಹೇಳಿತು. ಬಿರುಸು ಬೇರೆ, ಅಪಮಾನ ಬೇರೆ. ಗದರಿಕೆ ಯಾರ ಕೆಲಸಕ್ಕಾಗಿ ಎಂದು ಕೇಳಿಕೊಂಡರೆ ಬಹುಮಟ್ಟಿಗೆ ಗೊತ್ತಾಗುತ್ತದೆ. ಕಡತ ತಪ್ಪಿದ್ದಕ್ಕೆ ಗದರಿದರೆ ಕಕ್ಷಿಗಾರನಿಗೆ ಉಪಕಾರ. ಒಳಉಡುಪಿಗೆ ಗದರಿದರೆ ಯಾವ ಕಕ್ಷಿಗಾರನಿಗೆ?

ಇನ್ನು, ದೂರನ್ನು ಕೇಳುವವರು ಯಾರು? 235ನೆಯ ಅನುಚ್ಛೇದದ ಮೇರೆಗೆ ಕೆಳಗಿನ ನ್ಯಾಯಾಧೀಶರ ಮೇಲಿನ ಹತೋಟಿ ಹೈಕೋರ್ಟಿನದು. ನ್ಯಾಯಾಂಗದ ಸ್ವಾತಂತ್ರ್ಯಕ್ಕೆ ಅದು ಅವಶ್ಯ. ಮಂತ್ರಿಗಳ ಕೈಗೆ ಕೊಟ್ಟರೆ ಇನ್ನೂ ಕೆಡುತ್ತದೆ. ಹಾಗಾಗಿ ನ್ಯಾಯಾಧೀಶರ ಮೇಲಿನ ದೂರು ನ್ಯಾಯಾಧೀಶರ ಬಳಿಯೇ ಹೋಗಬೇಕು. ಈ ಏರ್ಪಾಡಿನ ಕಷ್ಟ 2019ರಲ್ಲಿ ದಿಲ್ಲಿಯಲ್ಲಿ ಕಂಡಿತು. ಸುಪ್ರೀಂ ಕೋರ್ಟಿನ ಮಾಜಿ ನೌಕರಳೊಬ್ಬಳು ಅಂದಿನ ಮುಖ್ಯ ನ್ಯಾಯಮೂರ್ತಿ ರಂಜನ್ ಗೊಗೊಯ್ ಅವರ ಮೇಲೆ ಲೈಂಗಿಕ ಕಿರುಕುಳದ ಆರೋಪ ಮಾಡಿದಳು. ಅವರು ಅದನ್ನು ನಿರಾಕರಿಸಿದರು. ಏಪ್ರಿಲ್ 20ರ ಶನಿವಾರ ತುರ್ತಾಗಿ ಸೇರಿದ ಪೀಠದಲ್ಲಿ ಅವರೂ ಕುಳಿತಿದ್ದರು. ಮೂವರು ನ್ಯಾಯಮೂರ್ತಿಗಳ ಸಮಿತಿ ಕೂಡಿತು. ವಕೀಲರ ನೆರವಿಗೆ ಅವಕಾಶವಿಲ್ಲವೆಂದು ಆಕೆ ನಡುವೆಯೇ ಹೊರನಡೆದಳು. ಆರೋಪದಲ್ಲಿ ಹುರುಳಿಲ್ಲವೆಂದು ಮೇ 6ರಂದು ತೀರ್ಮಾನ ಬಂತು. ವರದಿ ಪ್ರಕಟವಾಗಲಿಲ್ಲ. 2020ರ ಜನವರಿಯಲ್ಲಿ ಆಕೆಯನ್ನು ನೌಕರಿಗೆ ಮರಳಿ ತೆಗೆದುಕೊಂಡ ಸುದ್ದಿಯೂ ಬಂತು. ಸತ್ಯ ಯಾವ ಕಡೆಗಿತ್ತೆಂದು ನಾವು ಹೊರಗಿನವರು ಹೇಳಲಾರೆವು. ಆರೋಪ ಸುಳ್ಳಾಗಿದ್ದಲ್ಲಿ ಬಚ್ಚಿಟ್ಟ ವರದಿಯಿಂದ ಆ ನ್ಯಾಯಮೂರ್ತಿಗಳಿಗೂ ಅನ್ಯಾಯವೇ ಆಯಿತಲ್ಲವೆ?

ಇಷ್ಟು ಬರೆಯುವಷ್ಟರಲ್ಲಿ ನನ್ನ ಕೈ ತಡೆಯಿತು. ನಮ್ಮ ಕಾಲೇಜಿನಲ್ಲಿಯೂ ಒಬ್ಬ ಜವಾನರಿದ್ದಾರೆ, ನನಗಿಂತ ಹಿರಿಯರು. ಮೂರು ಗಂಟೆಗೆ ಚಹಾ ತರುವುದು ಅವರ ವಾಡಿಕೆ. ಆ ವಾಡಿಕೆಯ ಬೆನ್ನಿಗೇ ನನ್ನ ಗಾಡಿಯ ಪಂಕ್ಚರು, ಮನೆಗೆ ಕೊತ್ತಂಬರಿ, ಮಗಳ ಜೆರಾಕ್ಸು ಎಲ್ಲ ಒಂದೊಂದಾಗಿ ಅಂಟಿಕೊಂಡಿವೆ. ಯಾವತ್ತೂ ಒಲ್ಲೆನೆಂದವರಲ್ಲ. ಹೋದ ವಾರ ಕೇಳಿದೆ, “ಕಾಕಾ, ಇವೆಲ್ಲ ನಿಮ್ಮ ಕೆಲಸ ಅಲ್ಲ. ಆಗಂಗಿಲ್ಲ ಅಂತ ಯಾಕ ಅನ್ನಲಿಲ್ಲ?”

ಅವರು ನಕ್ಕರು. “ಹಂಗಂದ್ರ ನಡೀತೈತೇನ್ರೀ ಸರ?” ಎಂದು ಮೇಜಿನ ಮೇಲಿನ ಫ್ಲಾಸ್ಕು ತೆಗೆದುಕೊಂಡು ಹೊರಟರು.