ಮಾಡಿದವರಾರು, ಉಣ್ಣುವವರಾರು?

'ಮಾಡಿದ್ದುಣ್ಣೋ ಮಹಾರಾಯ' ಎಂಬ ಗಾದೆ ನಮ್ಮಲ್ಲಿ ಎಲ್ಲರ ಬಾಯಲ್ಲೂ ಇದೆ. ಕರ್ಮಸಿದ್ಧಾಂತದ ಸಾರವನ್ನೆಲ್ಲ ಇದು ಎರಡು ಮಾತಿನಲ್ಲಿ ಹೇಳಿಬಿಡುತ್ತದೆ. ಮಾಡುವ ಕೈ ಮತ್ತು ಉಣ್ಣುವ ಬಾಯಿ ಎರಡೂ ಒಬ್ಬನವೇ ಎಂಬ ನಂಬಿಕೆ ಅದರ ಹಿಂದಿದೆ. ಲೆಕ್ಕ ಈ ಜನ್ಮದಲ್ಲಿ ಚುಕ್ತಾ ಆಗದಿದ್ದರೆ ಮುಂದಿನ ಜನ್ಮದಲ್ಲಾದರೂ ಆದೀತು. ಪಾದರಸದ ಕಥೆಯನ್ನು ಓದುತ್ತ ಹೋದಂತೆ ನನ್ನ ಮನಸ್ಸಿನಲ್ಲಿ ಈ ನಂಬಿಕೆ ಅಲುಗಾಡತೊಡಗಿತು.

ಪಾದರಸ ನಮಗೆ ಹೊಸದಲ್ಲ. ಚುರುಕು ಹುಡುಗನನ್ನು ಪಾದರಸವೆಂದೇ ಹೊಗಳುತ್ತೇವೆ. ಅದು ನದಿಯನ್ನೋ ಕೆರೆಯನ್ನೋ ಸೇರಿ ಕೆಸರಿಗಿಳಿದರೆ ಮಾತ್ರ ಕಥೆ ಬೇರೆಯಾಗುತ್ತದೆ. ಗಾಳಿಯಾಡದ ಕೆಸರಿನಲ್ಲಿ ಬದುಕುವ ಸೂಕ್ಷ್ಮಜೀವಿಗಳು ಅದನ್ನು ಮೀಥೈಲ್ ಪಾದರಸವನ್ನಾಗಿ ಮಾರ್ಪಡಿಸುತ್ತವೆ. ಸ್ವೀಡನ್ನಿನ ವಿಜ್ಞಾನಿಗಳು ಇದನ್ನು 1969ರಲ್ಲಿ ತೋರಿಸಿಕೊಟ್ಟರು. ಈ ರೂಪದ ಪಾದರಸ ಮೈಯನ್ನು ಹೊಕ್ಕರೆ ಬೇಗ ಹೊರಬೀಳುವುದಿಲ್ಲ. ಪಾಚಿಯನ್ನು ತಿಂದ ಹುಳು, ಹುಳುವನ್ನು ತಿಂದ ಸಣ್ಣ ಮೀನು, ಸಣ್ಣ ಮೀನನ್ನು ನುಂಗಿದ ದೊಡ್ಡ ಮೀನು - ಒಂದೊಂದು ಮೆಟ್ಟಿಲಿಗೂ ಅದು ಗಟ್ಟಿಯಾಗುತ್ತ ಹೋಗುತ್ತದೆ. ನೀರಿನಲ್ಲಿ ಇದೆಯೋ ಇಲ್ಲವೋ ಎನ್ನುವಷ್ಟಿದ್ದದ್ದು ಬೇಟೆಯಾಡಿ ಬದುಕುವ ಮೀನಿನ ಮಾಂಸದಲ್ಲಿ ಹತ್ತು ಲಕ್ಷ ಪಟ್ಟು ಹೆಚ್ಚಿರಬಹುದು. ಅದು ಮಾಂಸಕ್ಕೇ ಅಂಟಿಕೊಂಡಿರುವುದರಿಂದ ತೊಳೆದರೂ ಹೋಗದು, ಬೇಯಿಸಿದರೂ ಹೋಗದು.

ಜಪಾನಿನ ಮಿನಮಾಟ ಎಂಬ ಊರು ಇದನ್ನು ತನ್ನ ಮೈಮೇಲೆ ಅನುಭವಿಸಿತು. ಅಲ್ಲಿಯ ಚಿಸ್ಸೊ ಕಂಪನಿಯ ರಾಸಾಯನಿಕ ಕಾರ್ಖಾನೆ 1932ರಿಂದ 1968ರವರೆಗೆ ಪಾದರಸ ಬೆರೆತ ನೀರನ್ನು ಹೊರಬಿಟ್ಟಿತು. ಮೊದಲು ಬೆಕ್ಕುಗಳು ಹುಚ್ಚೆದ್ದು ಕುಣಿದು ಸತ್ತವು; 1956ರಲ್ಲಿ ಮನುಷ್ಯರ ಕಾಯಿಲೆ ಅಧಿಕೃತವಾಗಿ ದಾಖಲಾಯಿತು. ಮೀನು ಉಂಡ ತಾಯಂದಿರಲ್ಲಿ ಕೆಲವರು ಮೇಲ್ನೋಟಕ್ಕೆ ಆರೋಗ್ಯವಾಗಿಯೇ ಇದ್ದರು. ನರಳಿದ್ದು ಅವರ ಹೊಟ್ಟೆಯಲ್ಲಿದ್ದ ಕೂಸುಗಳು. ಗಾದೆ ಎರಡು ಸಲ ಸೋತಿತು. ಮಾಡಿದವನು ಉಣ್ಣಲಿಲ್ಲ, ಉಂಡವಳಿಗಿಂತ ಹೆಚ್ಚಾಗಿ, ಉಣ್ಣಲು ಬಾಯಿಯನ್ನೇ ತೆರೆಯದ ಕೂಸು ತೆತ್ತಿತು.

ಆ ಕಂಪನಿಯ ಆಸ್ಪತ್ರೆಯಲ್ಲೇ ಹೊಸೊಕಾವಾ ಎಂಬ ವೈದ್ಯರಿದ್ದರು. 1959ರಲ್ಲಿ ಅವರು ಕಾರ್ಖಾನೆಯ ಕೊಳೆನೀರನ್ನು ಬೆಕ್ಕಿನ ಆಹಾರದಲ್ಲಿ ಬೆರೆಸಿ ನೋಡಿದರು. ಬೆಕ್ಕಿಗೆ ಅದೇ ಕಾಯಿಲೆ ಬಂತು. ಪ್ರಯೋಗವನ್ನು ಮುಂದುವರಿಸಲು ಕಂಪನಿ ಬಿಡಲಿಲ್ಲ. ಸತ್ಯ ಒಂದು ಕಪಾಟಿನಲ್ಲಿ ಕುಳಿತಿತು, ಕೊಳೆನೀರು ಇನ್ನೂ ಒಂಬತ್ತು ವರ್ಷ ಹರಿಯಿತು. ಹೊಸೊಕಾವಾ 1970ರಲ್ಲಿ ಮರಣಶಯ್ಯೆಯಿಂದ ಸಾಕ್ಷಿ ನುಡಿದರು. ನಿಸರ್ಗ ಲೆಕ್ಕ ತಪ್ಪಿರಲಿಲ್ಲ, ಲೆಕ್ಕದ ಪುಟವನ್ನು ಮನುಷ್ಯರು ಮುಚ್ಚಿಟ್ಟಿದ್ದರು.

ನಮ್ಮ ತುಂಗಭದ್ರೆಯೂ ಮಾಲಿನ್ಯದ ಕಥೆಯಿಂದ ಹೊರತಾದವಳಲ್ಲ. ಹರಿಹರದ ಎದುರಿನ ಕುಮಾರಪಟ್ಟಣದ ಪಾಲಿಫೈಬರ್ಸ್ ಕಾರ್ಖಾನೆಯ ಕೊಳೆನೀರಿನ ವಿರುದ್ಧ 1980ರ ದಶಕದಲ್ಲಿ ನದೀತೀರದ ಜನ ಎದ್ದುನಿಂತರು. ಸಮಾಜ ಪರಿವರ್ತನ ಸಮುದಾಯ ಅವರ ಜೊತೆಗಿತ್ತು. ಅಲ್ಲಿ ಸತ್ತು ತೇಲಿದ ಮೀನುಗಳೇ ಸಾಕ್ಷಿ ಹೇಳಿದವು. ಪಾದರಸಕ್ಕೆ ಅಂಥ ಸಾಕ್ಷಿ ಸಿಗುವುದಿಲ್ಲ. ಅದನ್ನು ತುಂಬಿಕೊಂಡ ಮೀನು ನಳನಳಿಸುತ್ತ ಈಜುತ್ತಿರುತ್ತದೆ, ಸಂತೆಯಲ್ಲಿ ಒಳ್ಳೆಯ ಬೆಲೆಗೇ ಹೋಗುತ್ತದೆ.

ಬಳ್ಳಾರಿಯಿಂದ ಹೊಸಪೇಟೆಯ ದಾರಿ ಹಿಡಿದರೆ ಕುಡತಿನಿಯ ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಚಿಮಣಿಗಳು ಕಾಣುತ್ತವೆ. ಅದರ ಸಾಮರ್ಥ್ಯ 1,700 ಮೆಗಾವಾಟ್. ಕಲ್ಲಿದ್ದಲು ಯಾವ ನೆಲದ್ದಾದರೂ ಅದರೊಳಗೆ ಲೇಶ ಪಾದರಸ ಇದ್ದೇ ಇರುತ್ತದೆ. ಉರಿದಾಗ ಅದು ಆವಿಯಾಗುತ್ತದೆ. ಅದಕ್ಕೇ 2015ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಇಂಥ ಸ್ಥಾವರಗಳ ಹೊಗೆಗೆ ಘನಮೀಟರಿಗೆ 0.03 ಮಿಲಿಗ್ರಾಂ ಪಾದರಸದ ಮಿತಿ ಹಾಕಿತು. ಆವಿಯಲ್ಲಿ ಒಂದಷ್ಟು ಹತ್ತಿರದಲ್ಲೇ ಮಳೆಯೊಡನೆ ಇಳಿಯುತ್ತದೆ; ಉಳಿದದ್ದು ತಿಂಗಳುಗಟ್ಟಲೆ ಗಾಳಿಯಲ್ಲಿ ಅಲೆದು ಇನ್ನೊಂದು ಖಂಡದ ಸರೋವರಕ್ಕೆ ಬೀಳಬಹುದು. ಹಾಗೆಯೇ ಯಾವುದೋ ದೇಶದ ಹೊಗೆ ಸಿರುಗುಪ್ಪದ ಮಳೆಯಲ್ಲಿ ಇರಬಹುದು. ನಮ್ಮ ಹೊಳೆಯ ಮೀನು ಕೆಟ್ಟಿದೆ ಎಂದು ನಾನು ಸಾರುತ್ತಿಲ್ಲ. ಕೆಟ್ಟರೆ ಮಾಡಿದವರು ಯಾರು ಎಂಬುದು ನನ್ನ ಪ್ರಶ್ನೆ. ಬಳ್ಳಾರಿಯ ಮನೆಯಲ್ಲಿ ತಿರುಗುವ ಫ್ಯಾನೇ, ಕುರುಗೋಡಿನ ಮೆಣಸಿನಕಾಯಿ ಹೊಲಕ್ಕೆ ನೀರೆತ್ತುವ ಪಂಪ್‌ಸೆಟ್ಟೇ?

'ಎಲ್ಲರೂ ಕಾರಣ' ಎನ್ನುವುದು ಉದಾರವಾದ ಮಾತಿನಂತೆ ಕೇಳಿಸುತ್ತದೆ. ಅದು ಬಹಳ ಬೇಗ 'ಯಾರೂ ಕಾರಣರಲ್ಲ' ಎಂಬಲ್ಲಿಗೆ ಇಳಿಯುತ್ತದೆ. ಕೆನಡಾದಲ್ಲಿ 2001ರಿಂದ ನಡೆದ ಒಂದು ಪ್ರಯೋಗ ಈ ಕಾರಣಕ್ಕೇ ನನಗೆ ಮುಖ್ಯವೆನಿಸಿತು. ಅಲ್ಲಿಯ ವಿಜ್ಞಾನಿಗಳು ಗುರುತು ಹಿಡಿಯಬಲ್ಲ ಪಾದರಸದ ಐಸೊಟೋಪನ್ನು ಏಳು ವರ್ಷ ಒಂದು ಸರೋವರಕ್ಕೆ ಹಾಕಿ, ಅದು ಮೀನಿನ ಮೈ ಸೇರುವುದನ್ನು ಹೆಜ್ಜೆಹೆಜ್ಜೆಗೂ ಹಿಂಬಾಲಿಸಿದರು. ಆಮೇಲೆ ಹಾಕುವುದನ್ನು ನಿಲ್ಲಿಸಿ ಕಾದರು. 2021ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಹಾಕಿದ ಪಾದರಸದ ಬಹುಪಾಲು ಎಂಟು ವರ್ಷಗಳೊಳಗೆ ಸಣ್ಣ ಜೀವಿಗಳಿಂದಲೂ ಬೇಟೆಮೀನುಗಳಿಂದಲೂ ಇಳಿದಿತ್ತು. ಮೂಲವನ್ನು ಪತ್ತೆಹಚ್ಚಬಹುದು, ಅಲ್ಲಿ ಕೈ ತಡೆದರೆ ಇಲ್ಲಿ ಬಟ್ಟಲು ತಿಳಿಯಾಗುತ್ತದೆ ಎಂದಾಯಿತು. 'ಏನು ಮಾಡೋದು, ಕಾಲವೇ ಹಾಗಿದೆ' ಎಂದು ಕೈಚೆಲ್ಲಲು ಇನ್ನು ನೆವವಿಲ್ಲ.

ಮೀನು ಮುಟ್ಟದವರು ನೆಮ್ಮದಿಯಿಂದ ಕೂರುವಂತೆಯೂ ಇಲ್ಲ. ಚೀನಾದ ಗುಯಿಝೌ ಪ್ರಾಂತ್ಯದ ಪಾದರಸ ಗಣಿಗಳ ಸುತ್ತ ಮೀಥೈಲ್ ಪಾದರಸ ಜನರ ಮೈಗೆ ಹೋದದ್ದು ಮುಖ್ಯವಾಗಿ ಅನ್ನದ ಮೂಲಕ. ನೀರು ನಿಂತ ಗದ್ದೆಯ ಕೆಸರಿನಲ್ಲೂ ಅವೇ ಸೂಕ್ಷ್ಮಜೀವಿಗಳಿರುತ್ತವೆ. ಭತ್ತದಿಂದಲೇ ಬಾಳುವ ಸಿರುಗುಪ್ಪದ ಸೀಮೆ ಕೇಳಿಸಿಕೊಳ್ಳಬೇಕಾದ ಮಾತಿದು.

ಆದರೆ ಪತ್ತೆಯಾದದ್ದನ್ನು ಹೇಳುವುದು ಹೇಗೆ? ಇಲ್ಲಿ ನನಗೆ ನಿಜವಾದ ತೊಡಕು ಕಾಣುತ್ತದೆ. 'ಮೀನಿನಲ್ಲಿ ವಿಷ' ಎಂದು ನಾಳೆ ಸುದ್ದಿ ಹಬ್ಬಿದರೆ ಬಳ್ಳಾರಿಯ ಮಾರುಕಟ್ಟೆಯಲ್ಲಿ ಮೊದಲು ಬರಿಗೈಯಲ್ಲಿ ಎದ್ದುಹೋಗುವವಳು ಬುಟ್ಟಿಯ ಮುಂದೆ ಕೂತ ಹೆಂಗಸು. ಹರಿಗೋಲಿನಲ್ಲಿ ಬಲೆ ಬೀಸುವವನ ಒಲೆ ಆರುತ್ತದೆ, ಚಿಮಣಿಯ ಬೆಂಕಿ ಆರುವುದಿಲ್ಲ. ಹಾಗೆಂದು ಅವರ ಮೇಲಿನ ಕನಿಕರದಿಂದ ಬಾಯಿಮುಚ್ಚಿಕೊಂಡರೆ ಅವರ ಮಕ್ಕಳಿಗೇ ಮೋಸ. ಆ ಮೀನನ್ನು ಎಲ್ಲರಿಗಿಂತ ಹೆಚ್ಚು ಉಣ್ಣುವ ಮನೆ ಅವರದು.

ಹೇಳಲೇಬೇಕು, ಬಿಡಿಸಿ ಹೇಳಬೇಕು. ಪಾಚಿ ಮೇಯುವ ಸಣ್ಣ ಮೀನಿಗೂ ಬೇಟೆಯಾಡುವ ದೊಡ್ಡ ಮೀನಿಗೂ ಇರುವ ವ್ಯತ್ಯಾಸವನ್ನು ಬಸುರಿಗೆ ತಿಳಿಸಬೇಕು. ಪರೀಕ್ಷೆಯ ಖರ್ಚು ಹೊಗೆಯಿಂದ ಲಾಭ ಪಡೆದವರ ಲೆಕ್ಕಕ್ಕೆ ಬೀಳಬೇಕು. ಮೀನು ಬೇಡವೆನ್ನುವ ದಿನ ಬಂದರೆ, ಬಲೆ ಕಟ್ಟಿಟ್ಟವನ ಕೂಲಿಯೂ ಅದೇ ಲೆಕ್ಕದಲ್ಲಿ ಸೇರಬೇಕು. ಪಾದರಸದ ಬಗ್ಗೆ ಮಿನಮಾಟದ ಹೆಸರಿನಲ್ಲೇ 2013ರಲ್ಲಿ ಅಂತರರಾಷ್ಟ್ರೀಯ ಒಪ್ಪಂದವಾಯಿತು. 2018ರಲ್ಲಿ ಭಾರತವೂ ಅದನ್ನು ಅನುಮೋದಿಸಿತು. ಒಪ್ಪಂದದ ಕಾಗದ ಹೊಳೆಯ ದಂಡೆಯವರೆಗೆ ಬರಬೇಕಾದರೆ, ದೀಪದ ಬೆಳಕಿನಲ್ಲಿ ಕೂತ ನಾವು ಕೇಳಬೇಕು. ಗಾದೆ ತಾನಾಗಿಯೇ ನಿಜವಾಗುವುದಿಲ್ಲ. ಮಾಡಿದ್ದನ್ನು ಮಾಡಿದವನೇ ಉಣ್ಣುವಂತೆ ನೋಡಿಕೊಳ್ಳುವ ಕೆಲಸ ಮನುಷ್ಯರದು.